ವಾರ್ಷಿಕ ವರದಿ: ಬರಹಗಾರರನ್ನು ಮೊದಲೇ ಕರೆಯಿರಿ

ಮಾನ್ಯರೇ,

ಸರ್ಕಾರಿ ಇಲಾಖೆಗಳು ವಾರ್ಷಿಕ ವರದಿಯನ್ನು ಸರಳ ಇಂಗ್ಲಿಷ್‌ನಲ್ಲಿ ಬರೆಸಲು ವೃತ್ತಿಪರ ಬರಹಗಾರರನ್ನು ಕರೆಯುವುದುಂಟು. ಒಳ್ಳೆಯದೇ. ಆದರೆ ಕರೆಯುವುದು ಯಾವಾಗ? ಎಲ್ಲ ವಿಭಾಗಗಳ ಟಿಪ್ಪಣಿ ಬಂದು, ಮೇಲಧಿಕಾರಿಗಳ ಒಪ್ಪಿಗೆಯೂ ಬಿದ್ದು, ಇನ್ನೇನು ಅಚ್ಚಿಗೆ ಹೋಗಬೇಕು ಅನ್ನುವಾಗ. ‘ಸ್ವಲ್ಪ ಭಾಷೆ ನೋಡಿಕೊಡಿ’ ಅಂತ. ಈ ಕೆಲಸ ಮಾಡುವ ನನ್ನಂಥವರಿಗೆ ಆಗ ಉಳಿಯುವುದು ಅಲ್ಪವಿರಾಮ ತಿದ್ದುವುದಷ್ಟೇ.

ವರದಿ ಅರ್ಥವಾಗದಿರಲು ಕಷ್ಟದ ಪದಗಳಷ್ಟೇ ಕಾರಣ ಅಲ್ಲ. ಯಾರು ಏನು ಮಾಡಿದರು ಅನ್ನುವುದೇ ಅದರಲ್ಲಿ ಇರುವುದಿಲ್ಲ. ‘ಅನಿವಾರ್ಯ ಕಾರಣಗಳಿಂದ ಕಾಮಗಾರಿ ವಿಳಂಬಗೊಂಡಿದೆ’ ಎಂಬ ಸಾಲನ್ನೇ ನೋಡಿ. ಇಲಾಖೆ ಟೆಂಡರ್ ಕರೆಯಲು ತಡ ಮಾಡಿತೋ, ಗುತ್ತಿಗೆದಾರ ಕೈಕೊಟ್ಟನೋ, ದುಡ್ಡೇ ಬಿಡುಗಡೆ ಆಗಲಿಲ್ಲವೋ? ಇದನ್ನು ಸರಳ ಮಾಡಲು ನಿಘಂಟು ಸಾಲದು. ಕಡತ ನೋಡಬೇಕು, ಎಂಜಿನಿಯರನ್ನು ಕೇಳಬೇಕು. ಕೇಳಿದರೆ ಕೆಲವರಿಗೆ ಸಿಟ್ಟೂ ಬರುತ್ತದೆ ಅನ್ನಿ. ಅಂಕಿಗಳ ಕಥೆಯೂ ಹಾಗೇ. ಗುರಿ ಮೊದಲ ಅಧ್ಯಾಯದಲ್ಲಿ, ಖರ್ಚು ಕೊನೆಯ ಅನುಬಂಧದಲ್ಲಿ, ಆದ ಕೆಲಸ ನಡುವೆ ಎಲ್ಲೋ. ಮೂರನ್ನೂ ಒಂದೇ ಕಡೆ ಇಟ್ಟರೆ ಓದುಗರೇ ಲೆಕ್ಕ ಹಾಕಿಕೊಳ್ಳುತ್ತಾರೆ. ಬಹುಶಃ ಅದಕ್ಕೇ ಇಡುವುದಿಲ್ಲ.

ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ 1998ರಲ್ಲೇ ಒಂದು ನಿಯಮ ತಂದಿತು. ಷೇರು ಮಾರುವ ಕಂಪನಿ, ಕೊಳ್ಳುವವರಿಗೆ ಕೊಡುವ ವಿವರಪತ್ರದ ಅಂದರೆ ಪ್ರಾಸ್ಪೆಕ್ಟಸ್‌ನ ಮುಖಪುಟ, ಸಾರಾಂಶ ಮತ್ತು ಅಪಾಯಗಳ ಭಾಗವನ್ನು ಸರಳ ಇಂಗ್ಲಿಷ್‌ನಲ್ಲೇ ಬರೆಯಬೇಕು. ಚಿಕ್ಕ ವಾಕ್ಯ, ದಿನಬಳಕೆಯ ಪದ, ಕಾನೂನಿನ ಕಗ್ಗ ಬೇಡ. ಅಲ್ಲಿನ ಕೇಂದ್ರ ಸರ್ಕಾರದ ಕಚೇರಿಗಳಿಗೆ ಸರಳ ಬರವಣಿಗೆ ಕಾಯ್ದೆ ಬಂದದ್ದು 2010ರಲ್ಲಿ. ಅದನ್ನು ಪಾಲಿಸದಿದ್ದರೆ ಕೋರ್ಟಿಗೆ ಹೋಗುವಂತಿಲ್ಲ ಎಂದು ಆ ಕಾಯ್ದೆಯೇ ಹೇಳುತ್ತದೆ! ಷೇರು ಕೊಳ್ಳುವವರಿಗೆ ಸಿಕ್ಕ ಮರ್ಯಾದೆ ತೆರಿಗೆ ಕಟ್ಟುವವರಿಗೂ ಸಿಗಬೇಕಲ್ವಾ?

ಸರಳ ಮಾಡಿದರೆ ನಿಖರತೆ ಹೋಗುತ್ತದೆ ಎನ್ನುವವರಿದ್ದಾರೆ. ಕಾನೂನಿನ ಪದ, ಲೆಕ್ಕಪತ್ರದ ಕೋಷ್ಟಕ ಇದ್ದಹಾಗೇ ಇರಲಿ, ಯಾರೂ ಬೇಡ ಅನ್ನುವುದಿಲ್ಲ. ಅವುಗಳ ಪಕ್ಕದಲ್ಲಿ ‘ಇದರರ್ಥ ಇಷ್ಟು’ ಎಂದು ಎರಡು ಸಾಲು ಇರಲಿ. ಇಂಗ್ಲಿಷ್ ಮನೆಮಾತಲ್ಲದವರೂ ಈ ವರದಿಗಳನ್ನು ಓದುತ್ತಾರೆ.

ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ 2023ರಲ್ಲಿ ಸರಳ ಭಾಷೆಗೆಂದೇ ಮಾನದಂಡ ಪ್ರಕಟಿಸಿದೆ. ಅದರ ಪ್ರಕಾರ ಓದುಗರಿಗೆ ಬೇಕಾದ್ದು ಬರಹದಲ್ಲಿರಬೇಕು, ಸುಲಭವಾಗಿ ಕಣ್ಣಿಗೆ ಬೀಳಬೇಕು, ಅರ್ಥವಾಗಬೇಕು, ಉಪಯೋಗಕ್ಕೆ ಬರಬೇಕು. ಇದರಲ್ಲಿ ಮೊದಲನೆಯದು ಕೊನೇ ಗಳಿಗೆಯಲ್ಲಿ ಆಗುವಂಥದ್ದಲ್ಲ. ಹಾಗಾಗಿ ವರದಿಯ ರೂಪುರೇಷೆ ಹಾಕುವಾಗಲೇ ಬರಹಗಾರರನ್ನು ಕೂರಿಸಿಕೊಳ್ಳಿ. ಅವರ ಪ್ರಶ್ನೆಗೆ ಉತ್ತರ ಕೊಡಲು ಪ್ರತಿ ವಿಭಾಗದಲ್ಲೂ ಒಬ್ಬ ಅಧಿಕಾರಿ ಇರಲಿ. ಅಚ್ಚಿಗೆ ಮೊದಲು ಕರಡನ್ನು ಇಲಾಖೆಗೆ ಸಂಬಂಧವೇ ಇಲ್ಲದ ನಾಲ್ಕು ಜನರ ಕೈಗೆ ಕೊಟ್ಟು, ಏನು ತಿಳಿಯಿತು ಎಂದು ಕೇಳಿ. ಇವಿಷ್ಟನ್ನೂ ಬರಹಗಾರರ ಜತೆಗಿನ ಒಪ್ಪಂದದಲ್ಲೇ ಬರೆದುಕೊಳ್ಳಬಹುದು.

– ವರದಿ ಬರೆಯುವ ಒಬ್ಬ ಓದುಗ