ಪೋಸ್ಟರ್ ಬರೆದವನ ಬಗ್ಗೆ ಬರಿ

ಪ್ರೀತಿಯ ತಮ್ಮ,

ನಿನ್ನ ಕಥೆ ಬಂತು. ಎರಡು ಸಲ ಓದಿದೆ. ಕಾಲೇಜಿನ ಹೋರಾಟದ ಬಗ್ಗೆ ಬರೆಯಬೇಕು ಅಂತ ನಿನಗೆ ಅನ್ನಿಸಿದ್ದೇ ನನಗೆ ದೊಡ್ಡ ಖುಷಿ. ಮೆರವಣಿಗೆಯ ಭಾಗ ಓದುವಾಗ ಐವತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟೆ. ಮೈಸೂರಿನ ಸಯ್ಯಾಜಿರಾವ್ ರಸ್ತೆ, ಕೂಗಿ ಕೂಗಿ ಕಟ್ಟಿದ ಗಂಟಲು, ದೊಡ್ಡ ಗಡಿಯಾರದ ಹತ್ತಿರ ಮೂರು ಜನ ಹಂಚಿಕೊಂಡು ಕುಡಿದ ಒಂದು ಟೀ. ಆ ದಿನಗಳನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ.

ಆದರೆ ನಿನ್ನ ಕಥೆಯಲ್ಲಿ ಎಲ್ಲಿ ನೋಡಿದರೂ ‘ನಾವು’. ನಾವು ಹೊರಟೆವು, ನಾವು ಕೂಗಿದೆವು, ನಾವು ಗೆದ್ದೆವು. ಆ ‘ನಾವು’ ಒಳಗೆ ಯಾರಿದ್ದರು, ಯಾರು ಇರಲಿಲ್ಲ ಅನ್ನುವುದು ನನಗೆ ಗೊತ್ತಾಗಲಿಲ್ಲ. ನಾನೂ ವರ್ಷಗಟ್ಟಲೆ ಹಾಗೇ ಬರೆದವನು. ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ನಮ್ಮ ಹಾಸ್ಟೆಲಿನಲ್ಲಿ ಪೋಸ್ಟರ್ ಕೆಲಸ ಶುರುವಾಗುತ್ತಿದ್ದದ್ದು ರಾತ್ರಿ ಊಟ ಆದ ಮೇಲೆ. ಅಡುಗೆ ಭಟ್ಟರನ್ನು ಕಾಡಿ ಬೇಡಿ ಒಂದು ಪಾತ್ರೆ ಇಸಿದುಕೊಂಡು ಮೈದಾ ಕುದಿಸುತ್ತಿದ್ದೆವು. ಗಂಟು ಕಟ್ಟದ ಹಾಗೆ ಕೈಯಾಡಿಸುತ್ತಲೇ ಇರಬೇಕು. ಹುಳ ಹಿಡಿಯಬಾರದು ಅಂತ ಚೂರು ಮೈಲುತುತ್ತ ಹಾಕುತ್ತಿದ್ದೆವು. ಹಳೇ ಪೇಪರ್ ಹಾಸಿ, ಕೆಂಪು, ನೀಲಿ ಬಣ್ಣದಲ್ಲಿ ಬರೆಯುತ್ತಿದ್ದವನು ನನ್ನ ರೂಮಿನ ಗೆಳೆಯ. ಚಾಮರಾಜನಗರದ ಕಡೆಯವನು, ದಲಿತರ ಹುಡುಗ. ಅವನ ಅಕ್ಷರ ಎಷ್ಟು ಚೆಂದ ಅಂದರೆ, ದಾರಿಯಲ್ಲಿ ಹೋಗುವವರು ನಿಂತು ಓದುತ್ತಿದ್ದರು. ‘ಳ’ ಬರೆದರೆ ಬಾಲವನ್ನು ಉದ್ದಕ್ಕೆ ಎಳೆದು ಬಿಡುತ್ತಿದ್ದ. ನೋಡಿದ ಕೂಡಲೇ ಅವನದು ಅಂತ ಗೊತ್ತಾಗುತ್ತಿತ್ತು.

1973ರ ನವೆಂಬರಿನಲ್ಲಿ ಬೂಸಾ ಗಲಾಟೆ ಶುರುವಾಯಿತು. ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಒಂದು ಸಭೆಯಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಅಂದರು, ದಲಿತ ಮಕ್ಕಳು ಇಂಗ್ಲಿಷ್ ಕಲಿಯಬೇಕು ಅಂದರು. ಊರಿಗೆ ಊರೇ ಎದ್ದಿತು. ನಾನೂ ಬೀದಿಗಿಳಿದೆ. ಅವರ ಭಾಷಣ ನಾನು ಕೇಳಿರಲಿಲ್ಲ. ಏನು ಹೇಳಿದರು, ಯಾಕೆ ಹೇಳಿದರು ಅಂತ ಯಾರನ್ನೂ ಕೇಳಲೂ ಇಲ್ಲ. ಕನ್ನಡಕ್ಕೆ ಅವಮಾನ ಆಯಿತು ಅಂದರು, ಅಷ್ಟೇ ಸಾಕಾಯಿತು. ಅಂದಿನ ಪೋಸ್ಟರ್ ಬೇರೆ ಯಾರೋ ಬರೆದಿದ್ದರು. ಅಕ್ಷರ ಸೊಟ್ಟಪಟ್ಟ. ಅದು ಕಣ್ಣಿಗೆ ಬಿತ್ತು. ಯಾಕೆ ಅಂತ ಮಾತ್ರ ತಲೆಗೆ ಹೋಗಲಿಲ್ಲ.

ಸಂಜೆ ರೂಮಿಗೆ ಬಂದಾಗ ನನ್ನ ದನಿ ಬಿದ್ದು ಹೋಗಿತ್ತು. ಅವನ ಟ್ರಂಕ್ ಇರಲಿಲ್ಲ. ಚಾಪೆ ಸುತ್ತಿ ಗೋಡೆಗೆ ಒರಗಿಸಿದ್ದ. ನನ್ನ ಮೇಜಿನ ಮೇಲೆ ಒಂದು ನೋಟ್‌ಬುಕ್ಕು. ಮೆರವಣಿಗೆ ಅಂತ ನಾನು ತಪ್ಪಿಸಿಕೊಂಡ ಕ್ಲಾಸುಗಳ ಪಾಠವನ್ನೆಲ್ಲ ನನಗೋಸ್ಕರ ಬರೆದಿಟ್ಟಿದ್ದ. ದಲಿತ ಹುಡುಗರ ಮೇಲೆ ಹಲ್ಲೆ ನಡೆಯುತ್ತಿದ್ದ ದಿನಗಳು ಅವು. ಅಶೋಕಪುರಂನ ನೆಂಟರ ಮನೆಗೆ ಹೋದನಂತೆ. ಮರುದಿನ ಹೋಗಿ ಕರೆದು ತರಬಹುದಿತ್ತು. ಹೋಗಲಿಲ್ಲ.

ಬಸವಲಿಂಗಪ್ಪನವರು ರಾಜೀನಾಮೆ ಕೊಟ್ಟರು. ಗೆದ್ದೆವು ಅಂತ ಸಿಹಿ ಹಂಚಿದೆವು. ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಲು ಟೊಂಕ ಕಟ್ಟಿದ್ದವರು ಇದೇ ಮನುಷ್ಯ ಅನ್ನುವುದು ನನ್ನ ಮನಸ್ಸಿಗೆ ಇಳಿದದ್ದು ಎಷ್ಟೋ ಕಾಲದ ಮೇಲೆ. ಆ ಗಲಾಟೆಯಲ್ಲಿ ಏಟು ತಿಂದ ಹುಡುಗರ ಸಿಟ್ಟಿನಿಂದಲೇ ಮುಂದೆ ದಲಿತ ಸಂಘರ್ಷ ಸಮಿತಿ ಬೆಳೆಯಿತು. ನಮ್ಮ ಕನ್ನಡ ಸಾಹಿತ್ಯದ ದಾರಿಯೇ ಬದಲಾಯಿತು. ಬದಲಾಯಿಸಿದವರು ನಾನು ಯಾರ ವಿರುದ್ಧ ಕೂಗಿದ್ದೆನೋ ಅವರು.

ಇದನ್ನು ಬರೆಯಲು ನನಗೆ ಮೂವತ್ತು ವರ್ಷ ಬೇಕಾಯಿತು. ನೀನು ಅಷ್ಟು ಕಾಯಬೇಡ. ನಿನ್ನ ಕಥೆಯ ಹುಡುಗ ಎಲ್ಲೂ ತಪ್ಪುವುದಿಲ್ಲ, ಹೆದರುವುದಿಲ್ಲ, ಯಾರನ್ನೂ ಬಿಟ್ಟು ಬರುವುದಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಅಂಥ ಹುಡುಗನನ್ನು ನಾನಂತೂ ನೋಡಿಲ್ಲ. ಅವನ ಒಂದು ತಪ್ಪನ್ನು ಬರಿ. ಆಗ ಅವನ ಒಳ್ಳೆಯತನವನ್ನೂ ಓದುವವರು ನಂಬುತ್ತಾರೆ.

ಇನ್ನೊಂದು. ‘ವ್ಯವಸ್ಥೆ’ ಅನ್ನುವ ಮಾತು ನಿನ್ನ ಕಥೆಯಲ್ಲಿ ಏಳು ಸಲ ಬಂದಿದೆ. ತಟ್ಟೆ ಒಂದು ಸಲವೂ ಇಲ್ಲ. ಅದೇ 1973ರ ಡಿಸೆಂಬರಿನಲ್ಲಿ ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಸಿಡಿದೆದ್ದದ್ದು ಮೆಸ್ ಬಿಲ್ ಏರಿಸಿದ್ದಕ್ಕೆ. 1974ರ ಫೆಬ್ರವರಿ ಹೊತ್ತಿಗೆ ಗುಜರಾತಿನ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ಕುರ್ಚಿ ಬಿಟ್ಟು ಇಳಿದರು. ಆಮೇಲೆ ಬಿಹಾರದ ವಿದ್ಯಾರ್ಥಿಗಳು ಎದ್ದರು, ಜಯಪ್ರಕಾಶ ನಾರಾಯಣರು (ಜೆ.ಪಿ.) ಆ ಹುಡುಗರ ಮುಂದಾಳಾಗಿ ನಿಂತರು. ನಿನ್ನ ಹುಡುಗರ ಮೆಸ್ಸಿನಲ್ಲಿ ಸಾರು ಹೇಗಿತ್ತು? ಊರಿಂದ ದುಡ್ಡು ಬರದ ತಿಂಗಳು ಯಾರು ಯಾರ ತಟ್ಟೆಯಲ್ಲಿ ಉಂಡರು? ಹುಡುಗಿಯರು ಹಾಸ್ಟೆಲ್ ಬಾಗಿಲು ಹಾಕುವ ಹೊತ್ತಿಗೆ ಮೆರವಣಿಗೆ ಬಿಟ್ಟು ಓಡಬೇಕಿತ್ತಾ? ನನಗೆ ಅದು ಬೇಕು. ಘೋಷಣೆ ನಾಲ್ಕು ಸಾಲು ಸಾಕು.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಪೇಪರಿನವರು ಸೆನ್ಸಾರ್ ದಾಟಿದ್ದನ್ನು ಮಾತ್ರ ಅಚ್ಚು ಹಾಕಬೇಕಿತ್ತು. ಬೆಂಗಳೂರು ಜೈಲಿನಲ್ಲಿ ‘ಸಂಸ್ಕಾರ’ ಸಿನಿಮಾದ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ಒದ್ದಾಡುತ್ತಿದ್ದದ್ದೂ ನಮಗೆ ಪೇಪರಿನಿಂದ ಗೊತ್ತಾಗಲಿಲ್ಲ. ಸುದ್ದಿ ಓಡಾಡುತ್ತಿದ್ದದ್ದು ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳಲ್ಲಿ. ಮೇಣದ ಸ್ಟೆನ್ಸಿಲ್ ಮೇಲೆ ಉಕ್ಕಿನ ಮೊನೆಯಲ್ಲಿ ಕೊರೆದು ಬರೆಯಬೇಕು. ಜಾಸ್ತಿ ಒತ್ತಿದರೆ ಹರಿಯುತ್ತದೆ, ಕಮ್ಮಿಯಾದರೆ ಮಸಿ ಇಳಿಯುವುದಿಲ್ಲ. ಒಂದು ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಯಾರೋ ನನ್ನ ಕೈಗೆ ಒಂದು ಹಾಳೆ ತುರುಕಿ ನಡೆದು ಹೋದರು. ಮರದ ಮರೆಗೆ ಹೋಗಿ ಬಿಚ್ಚಿದೆ. ಮೂರನೇ ಸಾಲಿನಲ್ಲಿ ‘ಜೈಲುಗಳಲ್ಲಿ’ ಅಂತಿತ್ತು. ಅದರ ‘ಳ’ಕ್ಕೆ ಉದ್ದನೆಯ ಬಾಲ.

ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಮಡಿಕೆಯಲ್ಲಿ ಹರಿದಿದೆ, ಮಸಿ ಕಂದಿದೆ. ಊರಿಗೆ ಬಂದಾಗ ತೋರಿಸುತ್ತೇನೆ. ಬರುವಾಗ ಕಥೆಯನ್ನು ತಿದ್ದಿ ತಗೊಂಡು ಬಾ. ನಿನ್ನ ಕಥೆಯಲ್ಲಿ ಪೋಸ್ಟರ್ ಬರೆದವರು ಯಾರು ಅಂತ ಈ ಸಲ ನನಗೆ ಗೊತ್ತಾಗಬೇಕು.

ನಿನ್ನ ಅಣ್ಣ