ಓಟಗಾರನ ಬೆನ್ನಿಗೆ ಆರ್‌ವಿ ಕಟ್ಟಬೇಡಿ

ಮಾನ್ಯ ಸಂಪಾದಕರಿಗೆ,

ದೂರದೋಟದ ಸುದ್ದಿಯಲ್ಲಿ ಓಡಿದವರ ಹೆಸರು, ದಿನ, ಕಿಲೋಮೀಟರ್ ಬರುತ್ತವೆ. 2016ರಲ್ಲಿ ಪೀಟ್ ಕೋಸ್ಟೆಲ್ನಿಕ್ ಸ್ಯಾನ್ ಫ್ರಾನ್ಸಿಸ್ಕೊದಿಂದ ನ್ಯೂಯಾರ್ಕಿಗೆ 42 ದಿನ 6 ಗಂಟೆ 30 ನಿಮಿಷದಲ್ಲಿ ಓಡಿ, 1980ರಿಂದ ಫ್ರಾಂಕ್ ಜಿಯಾನಿನೊ ಹೆಸರಿನಲ್ಲಿದ್ದ ದಾಖಲೆಯನ್ನು ಮುರಿದರು. ದಿನಕ್ಕೆ 115 ಕಿ.ಮೀ.ಗೂ ಹೆಚ್ಚು. ಇಂಥ ಓಟದ ಜೊತೆ ಸಾಗುವ ಆರ್‌ವಿ ಎಂಬ ಗಾಲಿಯ ಮೇಲಿನ ಮನೆಯ ಬಗ್ಗೆ, ಅದರೊಳಗೆ ವಾರಗಟ್ಟಲೆ ಬದುಕುವವರ ಬಗ್ಗೆ ಬರೆಯುವವರು ಕಡಿಮೆ. ಅಮೆರಿಕದಲ್ಲಿರುವ ನಮ್ಮ ಹುಡುಗ ಹುಡುಗಿಯರಲ್ಲಿ ಓಟದ ಹುಚ್ಚು ಹತ್ತಿದವರು ಈಗ ಬಹಳ. ‘ಒಂದು ಆರ್‌ವಿ ಬಾಡಿಗೆಗೆ ಹಿಡಿದರೆ ಆಯಿತು, ನಾವು ಹಿಂದೆ ಹಿಂದೆ ಬರುತ್ತೇವೆ’ ಎಂದು ಅಣ್ಣನೋ ಭಾವನೋ ಹೊರಡುತ್ತಾರೆ. ಈ ‘ಹಿಂದೆ ಹಿಂದೆ’ ಎಂಬ ಮಾತೇ ತಪ್ಪು. ಅದಕ್ಕಾಗಿ ಈ ಪತ್ರ.

ಆರ್‌ವಿ ಎಂದರೆ ಮನೆ. 25 ಅಡಿಯ ಆ ಮನೆಯನ್ನು ಗಂಟೆಗೆ ಎಂಟು ಕಿ.ಮೀ. ವೇಗದಲ್ಲಿ ಓಟಗಾರನ ಹಿಂದೆ ತೆವಳಿಸಿದರೆ ಹಿಂದಿನಿಂದ ವೇಗವಾಗಿ ಬರುವ ಟ್ರಕ್ಕಿಗೆ ಅದು ಗೋಡೆ. ಸರಿಯಾದ ಕ್ರಮವೆಂದರೆ ಜಿಗಿತ: ಮೂರರಿಂದ ಐದು ಕಿ.ಮೀ. ಮುಂದೆ ಹೋಗಿ ನಿಲ್ಲುವುದು, ಓಟಗಾರ ಬಂದಾಗ ನೀರು, ತಿಂಡಿ ಕೊಡುವುದು, ಮತ್ತೆ ಮುಂದೆ ಹೋಗುವುದು. ಬಿಸಿಲು ಸುಡುವ ಕಡೆ ಒಂದೂವರೆ ಕಿ.ಮೀ.ಗೆ ಒಮ್ಮೆ. ಈ ಕೆಲಸಕ್ಕೆ ಬೇಕಾದದ್ದು ಒಂದು ಸಣ್ಣ ಕಾರು. ಆರ್‌ವಿ ಮಧ್ಯಾಹ್ನದ ಊಟದ ಜಾಗಕ್ಕೂ ರಾತ್ರಿಯ ಜಾಗಕ್ಕೂ ಮೊದಲೇ ಹೋಗಿ ನಿಂತಿರಬೇಕು. ಅಂದರೆ ಎರಡು ವಾಹನ, ಕನಿಷ್ಠ ಮೂರು ಜನ. ಇಬ್ಬರೇ ಇದ್ದರೆ ಎರಡನೆಯ ವಾರಕ್ಕೆ ಚಾಲಕ ಸ್ಟೀರಿಂಗ್ ಹಿಡಿದೇ ತೂಕಡಿಸುತ್ತಾನೆ. ಓಟಗಾರ ಬೆಳಗಿನ ನಾಲ್ಕಕ್ಕೆ ಹೊರಡಬೇಕಾದರೆ ಇವರು ಮೂರಕ್ಕೇ ಎದ್ದಿರಬೇಕಲ್ಲ.

ಅಮೆರಿಕದ ಬಹುತೇಕ ಅಂತರರಾಜ್ಯ ಹೆದ್ದಾರಿಗಳಲ್ಲಿ ಕಾಲ್ನಡಿಗೆಗೆ ಅವಕಾಶವಿಲ್ಲ. ಓಟ ಹಳೆಯ ರಾಜ್ಯ ರಸ್ತೆಗಳಲ್ಲೇ ಸಾಗಬೇಕು. ಅಲ್ಲಿ ವಾಹನಗಳು ಬಲಬದಿಯಲ್ಲಿ ಸಾಗುವುದರಿಂದ ಓಟಗಾರ ಎದುರು ಬರುವ ವಾಹನ ಕಾಣುವಂತೆ ಎಡಬದಿಯಲ್ಲಿ ಓಡುತ್ತಾನೆ, ಕಾರು ಬಲಬದಿಯಲ್ಲಿ ನಿಲ್ಲುತ್ತದೆ. ಹಾಗಾಗಿ ಪ್ರತಿ ನಿಲುಗಡೆಯಲ್ಲೂ ಯಾರೋ ಒಬ್ಬರು ರಸ್ತೆ ದಾಟಲೇಬೇಕು. ದಾಟುವವರು ನೆರವಿನವರೇ ಆಗಿರಬೇಕು. ಎಂಬತ್ತು ಕಿ.ಮೀ. ಓಡಿ ಮಂಕಾದವನ ಅಂದಾಜು ನಂಬುವಂಥದ್ದಲ್ಲ. ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಬಾರದು: ಸೈಲೆನ್ಸರ್ ಕೊಳವೆಯ ಬಿಸಿಗೆ ಹುಲ್ಲು ಹೊತ್ತಿಕೊಳ್ಳುತ್ತದೆ.

ಈಗ ಮನೆಯೊಳಗಿನ ವಿಷಯ. ಈ ಅಳತೆಯ ಆರ್‌ವಿಯಲ್ಲಿ ಸುಮಾರು 150 ಲೀಟರ್ ಶುದ್ಧ ನೀರು ಹಿಡಿಯುತ್ತದೆ. ಸೋಪು ಹಚ್ಚುವಾಗ ಷವರ್ ನಿಲ್ಲಿಸಿದರೂ ಒಂದು ಸ್ನಾನಕ್ಕೆ 12 ಲೀಟರ್ ಬೇಕು. ನಾಲ್ವರ ಸ್ನಾನ, ಅಡುಗೆ, ಪಾತ್ರೆ ಸೇರಿದರೆ ಎರಡು ದಿನಕ್ಕೆ ಟ್ಯಾಂಕ್ ಖಾಲಿ. ಅದಕ್ಕೂ ಮೊದಲೇ ಬಳಸಿದ ನೀರಿನ ಗ್ರೇ ಟ್ಯಾಂಕ್ ತುಂಬಿ, ಸ್ನಾನದ ತಳದಲ್ಲಿ ನೀರು ಉಕ್ಕುತ್ತದೆ. ನೆವಾಡದ ಯುಎಸ್ 50 ರಸ್ತೆಯಲ್ಲಿ ಫ್ಯಾಲನ್‌ನಿಂದ ಆಸ್ಟಿನ್‌ಗೆ ಸುಮಾರು 180 ಕಿ.ಮೀ.; ನಡುವೆ ಊರೆಂಬ ಊರಿಲ್ಲ. ದಿನಕ್ಕೆ 80 ಕಿ.ಮೀ. ಓಡುವವರಿಗೆ ಅದು ಎರಡು ದಿನಕ್ಕೂ ಮೀರಿದ ದಾರಿ. ನೀರು ತರಲು ಆರ್‌ವಿಯೇ ಹೋಗಿಬರಬೇಕಾದರೆ ಅರ್ಧ ದಿನ ಹೋಯಿತು. ಆ ಹೊತ್ತಿನಲ್ಲಿ ಓಟಗಾರನ ಜೊತೆ ಇರುವುದು ಕಾರು ಮಾತ್ರ. ಅದಿಲ್ಲದಿದ್ದರೆ ಮರುಭೂಮಿಯಲ್ಲಿ ಒಬ್ಬಂಟಿ.

ಶೌಚದ ಬ್ಲ್ಯಾಕ್ ಟ್ಯಾಂಕ್ ಬಗ್ಗೆ ಮುಜುಗರ ಬೇಡ, ಅದನ್ನು ಕಲಿಯದೆ ಹೊರಡುವುದು ಬೇಡ. ಮೂರನೇ ಎರಡು ಪಾಲು ತುಂಬಿದ ಮೇಲೆ, ಆರ್‌ವಿಗಳ ಗಲೀಜು ಸುರಿಯಲೆಂದೇ ಇರುವ ಡಂಪ್ ಸ್ಟೇಷನ್‌ನಲ್ಲಿ ಖಾಲಿ ಮಾಡಿ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಸೋಪುನೀರು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ಕ್ಯಾಂಪ್‌ನ ಚರಂಡಿಗೆ ಜೋಡಿಸಿಟ್ಟು ಬ್ಲ್ಯಾಕ್ ಕವಾಟ ತೆರೆದೇ ಬಿಡುವುದು ಹೊಸಬರ ದೊಡ್ಡ ತಪ್ಪು: ನೀರೆಲ್ಲ ಹರಿದುಹೋಗಿ ಗಟ್ಟಿ ಭಾಗ ತಳದಲ್ಲಿ ಗುಡ್ಡೆಯಾಗಿ ನಿಲ್ಲುತ್ತದೆ, ಆಮೇಲೆ ಜಪ್ಪಯ್ಯ ಅಂದರೂ ಇಳಿಯುವುದಿಲ್ಲ. ಕುಡಿಯುವ ನೀರಿನ ಪೈಪು, ಗಲೀಜು ತೊಳೆಯುವ ಪೈಪು ಬೇರೆ ಬೇರೆ ಇರಲಿ, ಇಡುವ ಪೆಟ್ಟಿಗೆಯೂ ಬೇರೆ. ತಂಡದಲ್ಲಿ ಒಬ್ಬರಿಗೆ ಭೇದಿ ಹಿಡಿದರೆ ಮರುದಿನ ಓಟಗಾರನಿಗೂ ತಗಲುತ್ತದೆ.

ವಿದ್ಯುತ್ತಿನ ಲೆಕ್ಕ ಇನ್ನೂ ಹೆಚ್ಚು ಜನರನ್ನು ಮೋಸಗೊಳಿಸುತ್ತದೆ. ಆರ್‌ವಿಯೊಳಗಿನ ದೀಪ, ಫ್ಯಾನ್‌ಗಳನ್ನು ನಡೆಸುವ ಸೀಸದ ಬ್ಯಾಟರಿಗಳನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಂದರೆ ಸುಮಾರು 12.1 ವೋಲ್ಟ್. ಚಳಿಯ ರಾತ್ರಿ ಗ್ಯಾಸ್ ಇದ್ದರೂ ಹೀಟರ್ ಆರಿಹೋಗುವುದು ಇದಕ್ಕೇ: ಉರಿ ಗ್ಯಾಸಿನದು, ಆದರೆ ಬಿಸಿಗಾಳಿ ಊದುವ ಫ್ಯಾನ್ ಬ್ಯಾಟರಿಯದು. ಎಸಿ ಈ ಬ್ಯಾಟರಿಯಲ್ಲಿ ನಡೆಯುವುದಿಲ್ಲ, ಅದಕ್ಕೆ ಜನರೇಟರ್ ಬೇಕು. ಪೆಟ್ರೋಲ್ ಕಾಲು ಟ್ಯಾಂಕಿಗೆ ಇಳಿದಾಗ ಜನರೇಟರ್ ನಿಂತರೆ ಕೆಟ್ಟಿತೆಂದು ಗಾಬರಿಯಾಗಬೇಡಿ. ವಾಹನಕ್ಕೆ ಎಣ್ಣೆ ಉಳಿಯಲೆಂದೇ ಅದರ ಕೊಳವೆಯನ್ನು ಎತ್ತರದಲ್ಲಿ ಇಟ್ಟಿರುತ್ತಾರೆ. ಮಧ್ಯಾಹ್ನ ಓಟಗಾರ ಒಳಗೆ ಮಲಗಿರುವಾಗ ಜನರೇಟರ್ ಹೊಗೆ ತೆರೆದ ಕಿಟಕಿಯ ಕಡೆ ಬರುತ್ತಿದೆಯೇ ನೋಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಅಲಾರಂ ಅನ್ನು ಹೊರಡುವ ಮುನ್ನವೇ ಒತ್ತಿ ಪರೀಕ್ಷಿಸಿ. ಗ್ಯಾಸಿನ ಫ್ರಿಜ್ ಇದ್ದರೆ ವಾಹನ ಸಮತಟ್ಟಾಗಿ ನಿಲ್ಲಬೇಕು. ಓರೆಯಾಗಿ ಗಂಟೆಗಟ್ಟಲೆ ನಿಂತರೆ ಅದರೊಳಗಿನ ದ್ರವ ಸುತ್ತುವುದಿಲ್ಲ. ಮೊದಲು ಹಾಲು ಕೆಡುತ್ತದೆ, ಆಮೇಲೆ ಫ್ರಿಜ್ಜೇ.

ಅಡುಗೆಯಲ್ಲಿ ನಮ್ಮವರಿಗೆ ಅನುಕೂಲವಿದೆ. ಓಡಲು ಬೇಕಾಗುವ ಶಕ್ತಿ ಕಿಲೋ ತೂಕಕ್ಕೆ, ಕಿಲೋಮೀಟರಿಗೆ ಸುಮಾರು ಒಂದು ಕ್ಯಾಲೊರಿ. 65 ಕಿಲೋ ತೂಕದವರು 80 ಕಿ.ಮೀ. ಓಡಿದರೆ 5,200, ಮೈಯ ನಿತ್ಯದ ಖರ್ಚು ಬೇರೆ. ಓಟಗಾರರು ಹೀರುವ ಸಿಹಿ ಜೆಲ್‌ಗಳಿಂದಲೇ ಇದನ್ನು ತುಂಬಲು ಹೋದರೆ ನಾಲ್ಕನೆಯ ದಿನಕ್ಕೆ ವಾಕರಿಕೆ. ಉಪ್ಪು ಹಾಕಿದ ಮೊಸರನ್ನ, ರಾಗಿ ಗಂಜಿ, ಮೆತ್ತಗಿನ ಪೊಂಗಲ್ ಗಂಟಲಿಗೆ ಇಳಿಯುತ್ತವೆ. ಕುಕ್ಕರ್ ಮರೆಯಬೇಡಿ: ಆಸ್ಟಿನ್ ಸಮುದ್ರಮಟ್ಟದಿಂದ 2,000 ಮೀಟರ್ ಎತ್ತರ, ಅಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯದೆ ಗ್ಯಾಸ್ ಮುಗಿಯುತ್ತದೆ. ಓಟಗಾರನನ್ನು ಬೆಳಿಗ್ಗೆ, ಸಂಜೆ ತೂಕ ಮಾಡಿ ಬರೆದಿಡಿ. ಸಂಜೆಗೆ ತೂಕ ಏರಿದ್ದು, ತಲೆನೋವು, ಬೆರಳು ಊದಿದ್ದು ಕಂಡರೆ ಇನ್ನಷ್ಟು ನೀರು ಕುಡಿಸುವುದು ಅಪಾಯ. ರಕ್ತದ ಸೋಡಿಯಂ ತೆಳುವಾಗಿರಬಹುದು. ವೈದ್ಯರ ಹತ್ತಿರ ಕರೆದೊಯ್ಯಿರಿ. ಒದ್ದೆ ಷೂವನ್ನು ಹೀಟರ್ ಮುಂದೆ ಇಟ್ಟರೆ ಅಂಟು ಬಿಡುತ್ತದೆ. ಒಳಗೆ ಪತ್ರಿಕೆಯ ಕಾಗದ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿದರೆ ಸಾಕು.

ಇಷ್ಟೆಲ್ಲ ಸರಿಯಿದ್ದರೂ ಮನುಷ್ಯರು ಮನುಷ್ಯರೇ. 1980ರಲ್ಲಿ ಒಂದೇ ಕಾಲಿನಲ್ಲಿ, ಇನ್ನೊಂದಕ್ಕೆ ಕೃತಕ ಕಾಲು ತೊಟ್ಟು, ಕೆನಡಾ ದಾಟಲು ಹೊರಟ ಟೆರಿ ಫಾಕ್ಸ್ 143 ದಿನ, 5,373 ಕಿ.ಮೀ. ಓಡಿದರು. ವ್ಯಾನ್ ಓಡಿಸುತ್ತಿದ್ದವರು ಗೆಳೆಯ ಡಗ್ ಆಲ್ವರ್ಡ್. ಅಷ್ಟು ಆಪ್ತರ ನಡುವೆಯೂ ಆ ಪುಟ್ಟ ವ್ಯಾನಿನಲ್ಲಿ ಮಾತು ನಿಂತುಹೋಗುವ ಮಟ್ಟಕ್ಕೆ ಜಗಳ ಬೆಳೆಯಿತು. ಟೆರಿಯ ತಮ್ಮ ಡ್ಯಾರೆಲ್ ಬಂದು ಸೇರಿಕೊಂಡ ಮೇಲೆ ಗಾಳಿ ತಿಳಿಯಾಯಿತು. ಮೂರನೆಯ ವ್ಯಕ್ತಿ ಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನಮಗೆ ತಿಳಿಯದು. ವಾರಕ್ಕೊಂದು ರಾತ್ರಿ ನೆರವಿನವರು ಸರದಿಯಂತೆ ಮೋಟೆಲ್‌ನಲ್ಲಿ ಮಲಗಲಿ. ಆ ಖರ್ಚನ್ನು ಮೊದಲೇ ಬಜೆಟ್ಟಿನಲ್ಲಿ ಬರೆದಿಡಿ.

ಕೊನೆಗೆ ಊರಿನ ಓದುಗರಲ್ಲಿ ಒಂದು ವಿನಂತಿ. ಕಾಶ್ಮೀರದಿಂದ ಕನ್ಯಾಕುಮಾರಿಗೆ ಓಡುವವರು ರಾಷ್ಟ್ರೀಯ ಹೆದ್ದಾರಿ 44 ಹಿಡಿದು ಬಂದರೆ ಬಾಗೇಪಲ್ಲಿಯಲ್ಲಿ ನಮ್ಮ ರಾಜ್ಯಕ್ಕೆ ಕಾಲಿಟ್ಟು, ಚಿಕ್ಕಬಳ್ಳಾಪುರ, ಬೆಂಗಳೂರು ದಾಟಿ ಅತ್ತಿಬೆಲೆಯಲ್ಲಿ ಹೊರಹೋಗುತ್ತಾರೆ. ಅವರ ಜೊತೆಗಿರುವುದು ಆರ್‌ವಿಯಲ್ಲ, ಸಾಮಾನ್ಯವಾಗಿ ಒಂದು ಕಾರೋ ವ್ಯಾನೋ. ಡಂಪ್ ಸ್ಟೇಷನ್ ಇಲ್ಲಿಲ್ಲ. ಈ ದಾರಿಯುದ್ದಕ್ಕೂ ಕಲ್ಯಾಣ ಮಂಟಪಗಳಿವೆ, ಮದುವೆ ಇಲ್ಲದ ದಿನ ಅಂಗಳ ಖಾಲಿ ಇರುತ್ತದೆ. ಓಟಗಾರರ ತಂಡ ಕೇಳಿಕೊಂಡು ಬಂದರೆ ಹಾರ, ಶಾಲು, ಸೆಲ್ಫಿ ಆಮೇಲಾಗಲಿ. ಮೊದಲು ಒಂದು ನಲ್ಲಿ, ಒಂದು ಶೌಚಾಲಯ, ವಾಹನ ನಿಲ್ಲಲು ಸಮತಟ್ಟಾದ ಜಾಗ ತೋರಿಸಿ, ರಾತ್ರಿ ಎಂಟರಿಂದ ಬೆಳಗಿನ ಮೂರರವರೆಗೆ ಯಾರೂ ಬಾಗಿಲು ತಟ್ಟದಂತೆ ನೋಡಿಕೊಳ್ಳಿ.

– ದೂರದೋಟದ ನೆರವಿಗೆ ನಿಲ್ಲುವ ಕನ್ನಡಿಗ ಗೆಳೆಯರು, ಕ್ಯಾಲಿಫೋರ್ನಿಯಾ