365ಕ್ಕೆ ಒಂದು ಗೈರು

ಆ್ಯಪ್ ಪ್ರಕಾರ ನಾನು ಸಿಗರೇಟು ಬಿಟ್ಟು ಇವತ್ತಿಗೆ 346 ದಿನ. ಮೇಷ್ಟ್ರ ಲೆಕ್ಕದಲ್ಲಿ 365 ದಿನಕ್ಕೆ 364 ಹಾಜರಿ, ಒಂದು ಗೈರು. ನಾನು ಮೇಷ್ಟ್ರ ಲೆಕ್ಕಕ್ಕೇ ಸೈ ಅಂದಿದ್ದೇನೆ. ಹಾಗಾಗಿ ಇವತ್ತಿಗೆ ಒಂದು ವರ್ಷ.

ನನ್ನ ಬೈಪೋಲಾರ್ (ಮನಸ್ಸು ಒಮ್ಮೆ ಅತಿ ಏರಿ, ಒಮ್ಮೆ ಅತಿ ಇಳಿಯುವ ಕಾಯಿಲೆ) ಕಥೆ ನಿಮಗೆಲ್ಲ ಗೊತ್ತು. ಆಸ್ಪತ್ರೆ, ಕೆಲಸ ಬಿಟ್ಟಿದ್ದು, ಮತ್ತೆ ಸೇರಿದ್ದು, ಅದನ್ನೆಲ್ಲ ಕೆದಕಲ್ಲ. ನಿಮಗೆ ಗೊತ್ತಿಲ್ಲದ್ದು ಒಂದಿದೆ. ಎರಡು ಮೂರು ಸೇದುತ್ತಿದ್ದವನು ದಿನಕ್ಕೆ ಒಂದು ಪ್ಯಾಕಿಗೆ ಬಂದಿದ್ದು ಕಾಯಿಲೆ ಗೊತ್ತಾದ ಮೇಲೆ. ಆಸ್ಪತ್ರೆ ಗೇಟಿನ ಹೊರಗಿನ ಗೂಡಂಗಡಿಯಲ್ಲಿ ನಮ್ಮಂಥವರದ್ದೇ ಒಂದು ಗುಂಪಿರುತ್ತಿತ್ತು. ಅಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ, ಬೆಂಕಿ ಕೊಡುತ್ತಿದ್ದರು ಅಷ್ಟೇ. ಒಮ್ಮೆ ಒಬ್ಬ ಡಾಕ್ಟರ ಹತ್ತಿರ ಬಿಡಬೇಕು ಅಂದೆ. "ಸದ್ಯಕ್ಕೆ ಅದೊಂದು ಇರಲಿ ಬಿಡಿ, ಮೊದಲು ತಲೆ ಸರಿಹೋಗಲಿ" ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆ ಮಾತನ್ನೇ ನೆಪ ಮಾಡಿಕೊಂಡು ಇನ್ನೂ ಆರು ವರ್ಷ ಸೇದಿದೆ.

ಮೊದಲ ಥ್ಯಾಂಕ್ಸ್, ಪ್ಯಾಕಿನ ಮೇಲಿರುವ 1800-11-2356 ನಂಬರಿನಲ್ಲಿ, ಅಂದರೆ ತಂಬಾಕು ಬಿಡಲು ನೆರವಾಗುವ ಕ್ವಿಟ್‌ಲೈನಿನಲ್ಲಿ, ಮಾತಾಡಿದ ಮೇಡಂಗೆ. ಆ ಭಯಂಕರ ಚಿತ್ರ ಕಣ್ಣಿಗೆ ಬೀಳಬಾರದು ಅಂತ ಪ್ಯಾಕನ್ನು ಮಗುಚಿ ಇಡುತ್ತಿದ್ದವನು ಆ ನಂಬರನ್ನು ಎಲ್ಲಿ ಓದುತ್ತಿದ್ದೆ ಹೇಳಿ! ಅವರು ಕೇಳಿದ್ದು, ದಿನಕ್ಕೆ ಎಷ್ಟು ಅಂತ, ಆಮೇಲೆ ಯಾವ ಮಾತ್ರೆ ಅಂತ. ಓಲಾಂಜಪೈನ್ ಅಂದೆ. "ಹಾಗಾದ್ರೆ ಬಿಡೋ ದಿನ ಗೊತ್ತು ಮಾಡೋ ಮುಂಚೆ ನಿಮ್ಮ ಡಾಕ್ಟರಿಗೆ ಹೇಳಿ" ಅಂದರು. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಲಿವರನ್ನು ಚುರುಕು ಮಾಡಿ ಓಲಾಂಜಪೈನ್, ಕ್ಲೋಜಪೈನ್‌ನಂಥ ಮಾತ್ರೆಗಳನ್ನು ಬೇಗ ಕರಗಿಸುತ್ತವಂತೆ. ಸೇದುವುದು ನಿಲ್ಲಿಸಿದರೆ ಅದೇ ಮಾತ್ರೆ ಮೈಯಲ್ಲಿ ಜಾಸ್ತಿ ಉಳಿಯುತ್ತದೆ. ನಿಕೋಟಿನ್‌ಗೂ ಇದಕ್ಕೂ ಸಂಬಂಧ ಇಲ್ಲ, ಸಿಗರೇಟಿನ ಬದಲು ನಿಕೋಟಿನ್ ಗಮ್ ಅಗಿದರೂ ಲೆಕ್ಕ ಬದಲಾಗಲ್ಲ. ಹನ್ನೊಂದು ವರ್ಷದಿಂದ ಮಾತ್ರೆ ನುಂಗುತ್ತಿದ್ದೇನೆ, ಇದನ್ನು ಮೊದಲು ಹೇಳಿದ್ದು ಅವರೇ. ಡೋಸನ್ನು ಡಾಕ್ಟರೇ ಇಳಿಸಿದರು. ದಯವಿಟ್ಟು ನೀವಾಗೇ ಇಳಿಸಿಕೊಳ್ಳಬೇಡಿ.

ಗಮ್ ವಿಷಯಕ್ಕೆ ಬಂದರೆ, ಬಬಲ್ ಗಮ್ ಥರ ಕಚಕಚ ಅಗಿದು ಪ್ರೆಸ್ಸಿನಲ್ಲಿ ಮದುವೆ ಕಾರ್ಡಿನ ಪ್ರೂಫ್ ಹಿಡಿದುಕೊಂಡು ಅರ್ಧ ಗಂಟೆ ಬಿಕ್ಕಳಿಸಿದೆ. ಸ್ವಲ್ಪ ಅಗಿದು, ಬಾಯಿ ಚುರುಗುಟ್ಟಿದ ಮೇಲೆ ದವಡೆಯಲ್ಲಿ ಇಟ್ಟುಕೊಳ್ಳಬೇಕು. ಅಡಿಕೆ ಹಾಕುವವರಿಗೆ ಇದನ್ನು ಬೇರೆ ಹೇಳಿಕೊಡಬೇಕಿಲ್ಲ.

ಈಗ ಮೇಷ್ಟ್ರು.

ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಏಳು ಜನ. ಎಲ್ಲರೂ ಮಾತ್ರೆ ತಗೊಳ್ಳುವವರೇ, ಎಲ್ಲರೂ ಬಿಡುತ್ತಿರುವವರೇ ಇಲ್ಲ ಬಿಟ್ಟವರೇ. ಮೇಷ್ಟ್ರು ತೀರ್ಥಹಳ್ಳಿ ಕಡೆಯವರು, ರಿಟೈರಾದ ಶಾಲಾ ಮೇಷ್ಟ್ರು. ಅವರಿಗೆ ಈಗಲೂ ಆಗಾಗ ದನಿಗಳು ಕೇಳಿಸುತ್ತವೆ. ಬೀಡಿ ಬಿಟ್ಟು ನಾಲ್ಕು ವರ್ಷ ಆಯ್ತು. ಸಿಗರೇಟು ಸೇದಿದರೆ ಸಮಾಧಾನ ಆಗುತ್ತಲ್ಲ ಸಾರ್ ಅಂದಿದ್ದಕ್ಕೆ, "ಹಿಂದಿನ ಸಿಗರೇಟು ಮಾಡಿದ ಸಾಲ ಮುಂದಿನದು ತೀರಿಸ್ತದೆ ಮಾರಾಯಾ, ಅಸಲು ಹಾಗೇ ಇರ್ತದೆ" ಅಂದಿದ್ದರು.

ಹತ್ತೊಂಬತ್ತನೇ ದಿನ. ಎರಡು ರಾತ್ರಿ ನಿದ್ದೆ ಇರಲಿಲ್ಲ. ಹಳೇ ಜರ್ಕಿನ್ ಜೇಬಿನಲ್ಲಿ ಮುರಿದ ಸಿಗರೇಟು ಸಿಕ್ಕಿತು. ಟೆರೇಸಿಗೆ ಹೋಗಿ ಸೇದಿದೆ. ಆಮೇಲೆ, ಪ್ರಾಮಾಣಿಕನ ಥರ, ಆ್ಯಪ್ ತೆರೆದು 'ಸೇದಿದೆ' ಅಂತ ಒತ್ತಿದೆ. ಹದಿನೆಂಟು ಅಂತ ಇದ್ದದ್ದು ಸೊನ್ನೆ ಆಯ್ತು. ಉಳಿಸಿದ ದುಡ್ಡೂ ಸೊನ್ನೆ. ಕಾಯಿಲೆ ಬಂದಾಗ ಇದ್ದ ಕೆಲಸ, ಗೆಳೆಯರು, ಎಲ್ಲವೂ ಹೀಗೇ ಒಂದೇ ಏಟಿಗೆ ಸೊನ್ನೆ ಆಗಿದ್ದವು. ಇಷ್ಟೂ ನನ್ನ ಕೈಲಿ ಆಗಲ್ಲ ಅಂದಮೇಲೆ ನಾನು ಯಾಕಿರಬೇಕು ಅನ್ನಿಸಿತು. ಸುಮ್ನೆ ಅನ್ನಿಸಿದ್ದಲ್ಲ.

ಕ್ವಿಟ್‌ಲೈನ್ ರಾತ್ರಿ ಇರಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ಆ ನಂಬರ್ ಇಟ್ಟುಕೊಳ್ಳಿ. ನನಗೆ ಆಗ ಗುರುತಿನ ದನಿಯೇ ಬೇಕಿತ್ತು. ಒಂದೂವರೆಗೆ ಮೇಷ್ಟ್ರಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೆ ಎತ್ತಿದರು.

"ಮೊದಲು ಕೆಳಗಿಳಿ. ಅಕ್ಕನ್ನ ಎಬ್ಬಿಸು. ಫೋನ್ ಇಡಬೇಡ."

ಎಬ್ಬಿಸಿದೆ. ಅಕ್ಕ ಏನೂ ಕೇಳದೆ ಪಕ್ಕದಲ್ಲಿ ಬಂದು ಕೂತಳು. ನಾನು ಸೊನ್ನೆ ಆಯ್ತು ಸಾರ್, ಸೊನ್ನೆ ಆಯ್ತು ಅಂತಲೇ ಇದ್ದೆ. ಅದಕ್ಕೆ ಮೇಷ್ಟ್ರು, "ಹುಡುಗ ಒಂದು ದಿನ ಶಾಲೆ ತಪ್ಪಿಸಿದ್ರೆ ಹಿಂದಿನ ಹಾಜರಿ ಎಲ್ಲ ರಬ್ಬರ್ ತಗೊಂಡು ಅಳಿಸ್ತೀವಾ? ಗೈರು ಹಾಕಿ ಮುಂದೆ ಹೋಗೋದು" ಅಂದರು. ಆಮೇಲೆ ಏನು ಮಾಡಿದರು ಗೊತ್ತಾ? 1994ರ ಏಳನೇ ಕ್ಲಾಸಿನ ಹಾಜರಿ ಕರೆಯಲು ಶುರುಮಾಡಿದರು. ನಲವತ್ತೆರಡು ಮಕ್ಕಳು. ಮೂವರು ಮಂಜುನಾಥ, ಇಬ್ಬರು ಸುಜಾತ. ಪ್ರತಿ ಹೆಸರಿಗೂ ನಾನು "ಹಾಜರ್ ಸಾರ್" ಅನ್ನಬೇಕು. ದನಿ ಸಣ್ಣಗಾದರೆ, "ಕೇಳಲಿಲ್ಲ, ಹಿಂದಿನ ಬೆಂಚು" ಅನ್ನುತ್ತಿದ್ದರು. ಅಕ್ಕ ಅಳುತ್ತಾ ನಗುತ್ತಿದ್ದಳು. ಎರಡು ಸಲ ಪಟ್ಟಿ ಮುಗಿಯಿತು. ನಡುವೆ ಯಾವ ಹುಡುಗ ಈಗ ಎಲ್ಲಿದ್ದಾನೆ, ಯಾರದ್ದು ಅಡಿಕೆಗೆ ಕೊಳೆ ಬಂದು ಹೋಯ್ತು, ಎಲ್ಲ ಹೇಳಿದರು. ಐದು ಗಂಟೆಗೆ ಹಾಲಿನವನ ಗಾಡಿ ಸದ್ದು ಕೇಳಿದ ಮೇಲೆಯೇ ಫೋನ್ ಇಟ್ಟರು. ಬೆಳಗ್ಗೆ ಅಕ್ಕ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಇಷ್ಟು ಮಾಡಿದ ಮನುಷ್ಯನಿಗೆ ಅವತ್ತು ಜ್ವರ ಇತ್ತಂತೆ. ಅದು ಗೊತ್ತಾಗಿದ್ದು ಮೂರು ತಿಂಗಳ ಮೇಲೆ, ಬೇರೆಯವರಿಂದ.

ಪ್ರೆಸ್ಸಿನ ಓನರ್, ಗ್ರೂಪಿನ ಉಳಿದ ಐವರು, ಅಮ್ಮ, ಭಾವ, ಮಧ್ಯರಾತ್ರಿ ಪಟ್ಟಾಂಗಕ್ಕೆ ಸಿಕ್ಕ ಎಲ್ಲ ಗೆಳೆಯರಿಗೂ ಥ್ಯಾಂಕ್ಸ್. ನಾನು ಬಂದ ಕೂಡಲೇ ದಾರಕ್ಕೆ ಕಟ್ಟಿದ ಲೈಟರನ್ನು ಒಳಗೆ ಎಳೆದುಕೊಳ್ಳುವ ಟೀ ಅಂಗಡಿ ಅಣ್ಣನಿಗೂ. ಅಕ್ಕನಿಗೆ ಇಲ್ಲಿ ಬರೆಯಲ್ಲ, ಬರೆದರೆ ಬೈಯುತ್ತಾಳೆ.

ಆ್ಯಪ್ ಇನ್ನೂ ಫೋನಿನಲ್ಲಿದೆ, ದುಡ್ಡಿನ ಲೆಕ್ಕಕ್ಕೆ ಚೆನ್ನಾಗಿದೆ. ನಿನ್ನೆ ಮೇಷ್ಟ್ರು ತಮ್ಮ ನೋಟ್‌ಬುಕ್ಕಿನ ಫೋಟೋ ಕಳಿಸಿದರು. ನೀಲಿ ಟಿಕ್ಕುಗಳ ಮಧ್ಯೆ ಒಂದು ಕಡೆ ಕೆಂಪು ಶಾಯಿ, ಪಕ್ಕದಲ್ಲಿ ಸಣ್ಣಗೆ 'ಅನಾರೋಗ್ಯ' ಅಂತ.

ಗ್ರೂಪಿನವರಿಗೆ: ಈ ಶನಿವಾರದ ಕಾಲ್ ಎಂಟೂವರೆಗೆ. ಮೇಷ್ಟ್ರಿಗೆ ಮದುವೆ ಊಟ ಇದೆಯಂತೆ, ಅವರು ಬರುವ ತನಕ ಹಾಜರಿ ನಾನು ಕರೆಯುತ್ತೇನೆ.